ಕುರ್ಚಿಯ ಹಿಂದೆ ನಿಂತವನು

ಬಲಗೆನ್ನೆಯ ಗಡ್ಡ ಸುಮ್ಮನೆ ಕೂತುಕೊಂಡಿತು, ಎಡಗೆನ್ನೆಯದು ಮಾತ್ರ ಹಟ ಹಿಡಿಯಿತು. ಪಾರ್ಕಿಂಗ್ ಲಾಟಿನ ಮೂಲೆಯಲ್ಲಿ ಕಾರು ನಿಲ್ಲಿಸಿ, ಕಾರಿನ ಕನ್ನಡಿಯನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡು ಸೂರ್ಯನಾರಾಯಣ ಅದನ್ನು ಮತ್ತೆ ಒತ್ತಿ ಹಿಡಿದ. ಹೀಟರ್ ಹಾಕಿದರೆ ಕೆನ್ನೆ ಬೆವರಿ ಗೋಂದು ಜಾರುತ್ತದೆ, ಆರಿಸಿದರೆ ನವೆಂಬರಿನ ಚಳಿಗೆ ಒಣಗುವುದೇ ಇಲ್ಲ. ಒಳಗೆ ಹೋಗಿ ಅಂಟಿಸಿಕೊಳ್ಳಬಹುದಿತ್ತು, ವೇಷ ಹಾಕಿಕೊಳ್ಳುವುದಕ್ಕೆಂದೇ ಅಲ್ಲೊಂದು ಕೋಣೆಯಿದೆ, ದೊಡ್ಡ ಕನ್ನಡಿಯಿದೆ. ಆದರೆ ಆ ಮನೆಯ ಹೊಸ್ತಿಲು ದಾಟುವ ಹೊತ್ತಿಗೆ ತಾನು ವಿಂಟರ್ಟನ್ ಆಗಿಬಿಟ್ಟಿರಬೇಕು, ಸೂರ್ಯನಾರಾಯಣನನ್ನು ಈ ಕಾರಿನಲ್ಲೇ ಬಿಟ್ಟುಹೋಗಬೇಕು ಎಂಬುದು ಅವನೇ ಹಾಕಿಕೊಂಡ ನಿಯಮ. ರಿಟೈರಾದ, ಹೆಂಡತಿ ಸತ್ತ, ಮಾನ್ಮತ್ ಜಂಕ್ಷನ್ನಿನ ಟೌನ್‌ಹೌಸಿನಲ್ಲಿ ತನ್ನೊಬ್ಬನಿಗೇ ಅನ್ನಕ್ಕಿಟ್ಟುಕೊಳ್ಳುವ ಮನುಷ್ಯನನ್ನು ಭಾನುವಾರದ ಮಧ್ಯಾಹ್ನ ಕಾರಿನಲ್ಲಿ ಕೂಡಿಹಾಕಿದರೆ ಯಾರಿಗೂ ಏನೂ ನಷ್ಟವಿಲ್ಲ. ಇವತ್ತು ಮಾತ್ರ ಆ ಮನುಷ್ಯ ಬಾಗಿಲು ತೆಗೆದುಕೊಂಡು ಹಿಂದೆಯೇ ಬರುವ ಹಾಗಿತ್ತು. ಎರಡು ಗಂಟೆಗೆ ಶುರುವಾಗುವ ಟೂರನ್ನು ಇವತ್ತು ಮ್ಯೂಸಿಯಮ್ಮಿನ ಹೊಸ ಡೈರೆಕ್ಟರ್ ಕ್ಲೇರ್ ನಿಂತು ನೋಡುತ್ತಾಳೆ. ನೋಡಿ, ಅವನು ಇನ್ನು ಮುಂದೆ ವಿಂಟರ್ಟನ್ನನ ಕುರ್ಚಿಯಲ್ಲಿ ಕೂರಬಹುದೋ ಇಲ್ಲವೋ ಹೇಳುತ್ತಾಳೆ. ಅದೇ ಟೂರಿಗೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಮಗಳು ನಂದಿತಾ ಬರುತ್ತಿದ್ದಾಳೆ.

"ಹೇಗೂ ಎಡಿಸನ್‌ನಲ್ಲಿ ಅತುಲ್ ಫ್ರೆಂಡ್ ಮಗೂದು ಬರ್ತ್‌ಡೇ ಪಾರ್ಟಿ ಇದೆಯಲ್ಲಪ್ಪ, ಹಾಗೇ ಬಂದು ಹೋಗ್ತೀವಿ" ಎಂದಿದ್ದಳು ಫೋನಿನಲ್ಲಿ. ಆ ಹಾಗೇ ಎನ್ನುವುದು ಸ್ವಲ್ಪ ಚುಚ್ಚಿತು. ಚುಚ್ಚಿದ್ದನ್ನು ತೋರಿಸಿಕೊಳ್ಳದೆ, ಟ್ರಾಫಿಕ್ ನೋಡ್ಕೊಂಡು ಬನ್ನಿ, ಲೇಟಾದ್ರೂ ಪರವಾಗಿಲ್ಲ ಎಂದಿದ್ದ. ಲೇಟಾದರೆ ಅವನಿಗೆ ನಿಜಕ್ಕೂ ಬೇಜಾರಾಗುತ್ತಿತ್ತು. ಜೆರಿಕೋದ ಅವಳ ಮನೆಗೆ ಹೋದಾಗಲೆಲ್ಲ ಅವನಿಗೆ ಮಾತಾಡಲು ಜಾಗವೇ ಸಿಗುವುದಿಲ್ಲ. ಅಳಿಯ ಅತುಲ್ ಒಳ್ಳೆಯವನು, ಬಂದ ಕೂಡಲೇ ಬ್ಯಾಗ್ ಇಸಿದುಕೊಳ್ಳುತ್ತಾನೆ, ಆಮೇಲೆ ಲ್ಯಾಪ್‌ಟಾಪಿಗೆ ಹೋಗುತ್ತಾನೆ. ಮೊಮ್ಮಗಳು ಕಿಯಾರಾ ಅವನ ಕನ್ನಡಕ್ಕೆ ಒಂದೊಂದು ಪದದ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಮೆಟ್ಟಿಲು ಹತ್ತುತ್ತಾಳೆ. ಹಬ್ಬಕ್ಕೋ ಬರ್ತ್‌ಡೇಗೋ ಫೋಟೋ ತೆಗೆಯುವಾಗ ನಂದಿತಾ, "ಅಪ್ಪ, ನೀವು ಎತ್ತರ ಇದೀರಲ್ಲ, ಹಿಂದೆ ನಿಂತ್ಕೊಳ್ಳಿ" ಎನ್ನುತ್ತಾಳೆ. ಅವನು ಸೋಫಾದ ಹಿಂದೆ ನಿಲ್ಲುತ್ತಾನೆ. ಅವರು ಒಂದೇ ಒಂದು ಸಲ ತನ್ನನ್ನು ಕುರ್ಚಿಯಲ್ಲಿ ಕೂತವನಾಗಿ ನೋಡಬೇಕು, ಸುತ್ತ ಜನ ನಿಂತು ತನ್ನ ಮಾತು ಕೇಳುವುದನ್ನು ನೋಡಬೇಕು ಎಂದು ಅವನಿಗೆ ನಾಚಿಕೆಯಾಗುವಷ್ಟು ಆಸೆಯಿತ್ತು. ಮುಂದಿನ ವಾರ ಆ ಕುರ್ಚಿ ಇರುತ್ತದೋ ಇಲ್ಲವೋ ಎಂದಾದ ಮೇಲಂತೂ ಆ ಆಸೆ ಹೊಟ್ಟೆನೋವಿನ ಹಾಗೆ ಒಂದೇ ಕಡೆ ನಿಂತುಬಿಟ್ಟಿತ್ತು.

ನದಿಯ ದಂಡೆಯ ಈ ಕೆಂಪು ಇಟ್ಟಿಗೆಯ ಮನೆ ಆಲ್ಫ್ರೆಡ್ ವಿಂಟರ್ಟನ್ ಎಂಬವನು ಕಟ್ಟಿಸಿದ್ದು. ಅವನು ಸತ್ತು ನೂರು ವರ್ಷದ ಮೇಲಾಯಿತು, ಮನೆ ಈಗ ಸಣ್ಣದೊಂದು ಮ್ಯೂಸಿಯಂ. ಇಲ್ಲಿ ಮನೆ ತೋರಿಸುವವರು ವಿಂಟರ್ಟನ್ನನ ಬಗ್ಗೆ ಹೇಳುವ ಹಾಗಿಲ್ಲ, ವಿಂಟರ್ಟನ್ ಆಗಿಯೇ ಹೇಳಬೇಕು. ನಾನು ಲಂಡನ್ನಿನ ಒಬ್ಬ ಪುಸ್ತಕ ಬೈಂಡರನ ಮಗ. ನಾನು ನ್ಯೂಯಾರ್ಕಿಗೆ ಬಂದು ಪ್ರಾರ್ಥನಾ ಪುಸ್ತಕ ಅಚ್ಚು ಹಾಕಿದೆ, ಶಾಲೆಯ ಅಟ್ಲಾಸ್ ಅಚ್ಚು ಹಾಕಿದೆ. ಆಮೇಲೆ ಅದೇ ಪುಸ್ತಕಗಳನ್ನು ಮದ್ರಾಸಿಗೆ, ಬೆಂಗಳೂರಿನ ದಂಡು ಪ್ರದೇಶಕ್ಕೆ ಕಳಿಸಿದೆ, ನಾನೇ ಹೋಗಿ ಮೂರು ಮಳೆಗಾಲ ಅಲ್ಲಿದ್ದು ಬಂದೆ. ಹಡಗು ಹೋಗುವಾಗ ಪುಸ್ತಕ, ಬರುವಾಗ ಅರಗು ಮತ್ತು ಗಂಧದೆಣ್ಣೆ. ಹೀಗೆ. ಮನೆಯೊಳಗೆ ಇರುವಷ್ಟು ಹೊತ್ತು ಯಾರು ಏನು ಕೇಳಿದರೂ ನಾನು ಎಂದೇ ಉತ್ತರ ಕೊಡಬೇಕು, ಗೊತ್ತಿಲ್ಲ ಎನ್ನುವಂತಿಲ್ಲ. ಮನುಷ್ಯನಿಗೆ ತನ್ನ ಬದುಕಿನ ವಿಷಯ ಗೊತ್ತಿಲ್ಲದೆ ಇರುತ್ತದೆಯೇ ಎಂದು ಹಿಂದಿನ ಡೈರೆಕ್ಟರ್ ಮುದುಕ ಕೇಳುತ್ತಿದ್ದ. ಬ್ರಿಡ್ಜ್‌ವಾಟರಿನ ಔಷಧಿ ಕಂಪನಿಯಲ್ಲಿ ಮಾತ್ರೆಗಳ ಮೇಲೆ ಹೊಳಪಿನ ಅರಗು ಬಳಿಯುವ ಕೆಲಸದಲ್ಲೇ ತಲೆಗೂದಲು ಹಣ್ಣಾದ ಸೂರ್ಯನಾರಾಯಣನಿಗೆ, ಅರಗು ಎಂಬ ಒಂದು ಮಾತಿನಿಂದಲೇ ಈ ಸತ್ತ ಮನುಷ್ಯನ ಮೇಲೆ ಸಲುಗೆ ಹುಟ್ಟಿತ್ತು. ಹೆಂಡತಿ ಅಲಮೇಲು ತೀರಿಕೊಂಡ ವರ್ಷ, ಭಾನುವಾರ ಮನೆಯಲ್ಲಿ ಫ್ರಿಜ್ಜಿನ ಸದ್ದು ಕೇಳಿಕೊಂಡು ಕೂರಲಾರದೆ ಟಿಕೆಟ್ ತೆಗೆದುಕೊಂಡು ಬಂದವನು, ಎರಡನೆಯ ಸಲ ಬಂದಾಗ ವಾಲಂಟಿಯರ್ ಆಗಿಬಿಟ್ಟ. ಮುದುಕ ಅವನ ಉಚ್ಚಾರಣೆ ಕೇಳಿ ಕಣ್ಣರಳಿಸಿದ್ದ. ಮೈಸೂರಿನ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಇಲ್ಲಿನವರ ಕಿವಿಗೆ ವಿಕ್ಟೋರಿಯಾ ರಾಣಿಯ ಕಾಲದ್ದಾಗಿ ಕೇಳಿಸಿತ್ತು. ಹಳೆಯದಕ್ಕೂ ದೂರದ್ದಕ್ಕೂ ಅವರಿಗೆ ಅಷ್ಟು ವ್ಯತ್ಯಾಸ ತಿಳಿಯುವುದಿಲ್ಲ.

ಈ ವೇಷದ ವಿಷಯ ತಿಳಿದ ಮೇಲೆ ಬ್ರಿಡ್ಜ್‌ವಾಟರಿನ ದೇವಸ್ಥಾನದ ಕ್ಯಾಂಟೀನಿನಲ್ಲಿ ಪರಿಚಯದ ಬಾಲು ಅವನನ್ನು ದೊರೆ ಎಂದೇ ಕರೆಯತೊಡಗಿದ. "ಬನ್ನಿ ದೊರೆಗಳೇ, ಪುಳಿಯೋಗರೆ ಇದೆ. ಫೋರ್ಕ್ ಕೊಡಿಸಲಾ, ಕೈಯಲ್ಲೇ ತಿಂತೀರಾ?" ಸುತ್ತ ಇದ್ದವರು ನಗುತ್ತಾರೆ. "ಅಲ್ರೀ, ನಮ್ಮನ್ನ ಆಳಿದ್ದು ಸಾಲದು ಅಂತ ಈಗ ನೀವೇ ಅವರ ವೇಷ ಹಾಕ್ಕೋತೀರಲ್ಲ" ಎಂದು ಬಾಲು ಒಮ್ಮೆ ಹೇಳಿದಾಗ ಅವನೂ ನಕ್ಕಿದ್ದ. ತಟ್ಟೆ ಎಸೆದು ಹೊರಗೆ ಬಂದು, ಕಾರು ಎಲ್ಲಿ ನಿಲ್ಲಿಸಿದೆ ಎಂದು ಹುಡುಕುತ್ತಾ, ಸಾಲುಸಾಲು ಕಾರುಗಳ ನಡುವೆ ಅಭ್ಯಾಸಬಲದಿಂದ ಅಲಮೇಲುವಿನ ತಲೆಯನ್ನು ಹುಡುಕಿದ್ದ. ಅವಳು ಯಾವಾಗಲೂ ಕಾರಿನಲ್ಲೇ ಉಳಿಯುತ್ತಿದ್ದಳು. ಶನಿವಾರ ದೇವಸ್ಥಾನಕ್ಕೆ ಬಂದು ಇಂಜಿನ್ ಆರಿಸಿದ ಕೂಡಲೇ, "ನೀವು ಹೋಗಿರಿ, ಬರ್ತೀನಿ" ಎನ್ನುವಳು. ಅವನು ಹೋಗುವನು. ಅವನ ಪ್ರದಕ್ಷಿಣೆ ಮುಗಿದು ತೀರ್ಥದ ಸಾಲಿನಲ್ಲಿ ನಿಂತಾಗ ಪಕ್ಕದಲ್ಲಿ ಬಂದು ನಿಂತಿರುವಳು, ಸೆರಗಿಗೆ ಚಳಿಯ ವಾಸನೆ ಇರುವುದು. ಮೊದಮೊದಲು ಮೊಣಕಾಲು ನೋವಿರಬೇಕು ಅಂದುಕೊಂಡ, ಆಮೇಲೆ ಊರಿಗೆ ಫೋನ್ ಮಾಡುತ್ತಾಳೆ ಅಂದುಕೊಂಡ, ಆಮೇಲೆ ಏನೂ ಅಂದುಕೊಳ್ಳುವುದನ್ನೇ ಬಿಟ್ಟ. ಈಗ ಎಡಗೆನ್ನೆಯನ್ನು ಒತ್ತಿಕೊಂಡು ಅದೇ ಸೀಟಿನ ಪಕ್ಕದಲ್ಲಿ ಕೂತಿರುವಾಗ, ಗಾಜಿನ ಮೇಲೆ ಮೇಪಲ್ ಎಲೆಯೊಂದು ಬಂದು ಅಂಟಿಕೊಂಡಿತು. ಅವನು ವೈಪರ್ ಹಾಕಿ ಅದನ್ನು ತಳ್ಳಿ, ಕೋಟಿನ ಗುಂಡಿ ಹಾಕಿಕೊಂಡು ಇಳಿದ.

ಕ್ಲೇರ್ ಹಿಂಬಾಗಿಲಲ್ಲೇ ಸಿಕ್ಕಳು. ಡೈರೆಕ್ಟರ್ ಮುದುಕ ನಿವೃತ್ತನಾದ ಮೇಲೆ ಈ ಬೇಸಿಗೆಯಲ್ಲಿ ಬಂದವಳು, ನಂದಿತಾಗಿಂತ ಚಿಕ್ಕವಳು. ಜೋರಾಗಿ ಮಾತಾಡಿಯೂ ಗೊತ್ತಿಲ್ಲ. ಬುಧವಾರ ಕಾಫಿಗೆ ಕರೆದು ಅವಳು ಹೇಳಿದ್ದು ಇಷ್ಟು: ಭಾರತದಿಂದ ಬಂದ ಒಬ್ಬ ಹಿರಿಯರ ಬಾಯಲ್ಲಿ, ಭಾರತದಲ್ಲಿ ಲಾಭ ಮಾಡಿಕೊಂಡು ಹೋದವನ ಹೊಗಳಿಕೆಯನ್ನು ಹೇಳಿಸುವುದು ಬೋರ್ಡಿನ ಕೆಲವರಿಗೆ ಸರಿ ಕಾಣುತ್ತಿಲ್ಲ. ನಿಮಗೆ ಅದರಿಂದ ನೋವಾಗುತ್ತಿರಬಹುದು, ಹೇಳಿಕೊಳ್ಳಲು ಆಗದೆ ಇರಬಹುದು. ನೋವಾಗುತ್ತಿಲ್ಲ ಎಂದು ಅವನು ಹೇಳಿದ್ದನ್ನು ಅವಳು ಎಷ್ಟು ಮೃದುವಾಗಿ ಕೇಳಿಸಿಕೊಂಡಳೆಂದರೆ, ಹೇಳಿದ್ದೇ ಸುಳ್ಳೇನೋ ಎಂದು ಅವನಿಗೇ ಅನುಮಾನ ಬಂತು. ಅವಳ ಮನಸ್ಸಿನಲ್ಲಿ ಬೇರೊಂದು ಪಾತ್ರವಿತ್ತು. ಓದುಕೋಣೆಯ ಗೋಡೆಯ ಫೋಟೋದಲ್ಲಿ ವಿಂಟರ್ಟನ್ನನ ಬೆತ್ತದ ಕುರ್ಚಿಯ ಹಿಂದೆ ಒಬ್ಬ ಆಳು ಛತ್ರಿ ಹಿಡಿದು ನಿಂತಿದ್ದಾನಲ್ಲ, ಬೆಂಗಳೂರಿನಲ್ಲಿ ತೆಗೆದದ್ದು, ಹೆಸರು ಎಲ್ಲೂ ಸಿಕ್ಕಿಲ್ಲದವನು, ಅವನಿಗೆ ನೀವು ದನಿಯಾಗಬಹುದಲ್ಲ. ಈಗ ಅವಳು ರಟ್ಟಿನ ಡಬ್ಬಿಯೊಂದನ್ನು ತೆರೆದು ತೋರಿಸಿದಳು. ಒಳಗೆ ಒಂದು ಪೇಟ, ಆನ್‌ಲೈನಿನಲ್ಲಿ ತರಿಸಿದ್ದು, ಮಡಿಕೆಗಳನ್ನೆಲ್ಲ ಹೊಲಿದು ಟೋಪಿಯ ಹಾಗೆ ಮಾಡಿದ್ದರು. ಇದು ಸರಿಯಾಗಿದೆಯೇ, ಅಥೆಂಟಿಕ್ ಅನ್ನಬಹುದೇ ಎಂದು ಕೇಳಿದಳು. ಜರಿಪೇಟ ಸುತ್ತಿಕೊಳ್ಳುವಾಗ ಅವನ ತಾತ ಒಂದು ತುದಿಯನ್ನು ಅವನ ಕೈಯಲ್ಲಿ ಕೊಟ್ಟು ಬಿಗಿಯಾಗಿ ಹಿಡ್ಕೋ ಎನ್ನುತ್ತಿದ್ದರು. ಚೆನ್ನಾಗಿದೆ ಎಂದ ಅವನು. ಅವಳು ತಲೆಗೆ ಇಟ್ಟು ನೋಡುತ್ತೀರಾ ಎಂದಾಗ, ಗಡ್ಡ ಕಿತ್ತು ಬರುತ್ತದೆ ಎಂಬ ನೆಪ ಸಿಕ್ಕಿದ್ದಕ್ಕೆ ಆ ಎಡಗೆನ್ನೆಯ ಗಡ್ಡಕ್ಕೆ ಮನಸ್ಸಿನಲ್ಲೇ ಕೈಮುಗಿದ. ಇವತ್ತು ನೋಡುತ್ತೇನೆ, ಆಮೇಲೆ ನಿರ್ಧರಿಸೋಣ ಎಂದಳು ಕ್ಲೇರ್. ನಿರ್ಧರಿಸುವವಳು ಅವಳೊಬ್ಬಳೇ ಎಂಬುದು ಇಬ್ಬರಿಗೂ ಗೊತ್ತಿತ್ತು.

ಎರಡಾದರೂ ನಂದಿತಾ ಬರಲಿಲ್ಲ. ಒಂದು ವಯಸ್ಸಾದ ಜೋಡಿ, ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ, ಕೈ ಹಿಡಿದುಕೊಂಡೇ ಓಡಾಡುವ ಇಬ್ಬರು ಕಾಲೇಜಿನವರು, ಬಾಗಿಲ ಹತ್ತಿರ ಕೈಕಟ್ಟಿಕೊಂಡು ಕ್ಲೇರ್. ಅವನು ಶುರು ಮಾಡಿದ. ಹಜಾರದಲ್ಲಿ ಲಂಡನ್ನಿನ ಬಾಲ್ಯ ಹೇಳಿದ, ಊಟದ ಕೋಣೆಯಲ್ಲಿ ಪ್ರಾರ್ಥನಾ ಪುಸ್ತಕ ಹೇಳಿದ. ದನಿ ತಾನಾಗಿ ಏರುತ್ತಿತ್ತು, ಇಳಿಯುತ್ತಿತ್ತು. ಕಿವಿ ಮಾತ್ರ ಹೊರಗಿನ ಜಲ್ಲಿಯ ಮೇಲೆ ಕಾರಿನ ಚಕ್ರ ಉರುಳುವ ಸದ್ದಿಗೆ ಕಾದಿತ್ತು. ಈ ಟೂರ್ ಮುಗಿದೇ ಹೋದರೆ ಅವರು ಏನನ್ನು ನೋಡುತ್ತಾರೆ? ಗಡ್ಡ ಕಿತ್ತಿಟ್ಟು ಕೆನ್ನೆ ಉಜ್ಜಿಕೊಳ್ಳುವ ಮುದುಕನನ್ನು ನೋಡುತ್ತಾರೆ, ಮುಂದೊಂದು ದಿನ ಬಂದರೆ ಹೊಲಿದ ಪೇಟ ಇಟ್ಟುಕೊಂಡವನನ್ನು ನೋಡುತ್ತಾರೆ. ಅವನು ಅಟ್ಲಾಸಿನ ಕಥೆಯನ್ನು ಎಳೆದ. ಇಲ್ಲದ ಬಿರುಗಾಳಿಯೊಂದನ್ನು ಹಡಗಿನ ದಾರಿಗೆ ತಂದ. ಕ್ಯಾಮೆರಾದವನು ಗಡಿಯಾರ ನೋಡಿಕೊಂಡ. ಓದುಕೋಣೆಗೆ ಬಂದು ಬೆತ್ತದ ಕುರ್ಚಿಯಲ್ಲಿ ಅವನು ಕೂರುವುದಕ್ಕೂ ಅವರು ಒಳಗೆ ಬರುವುದಕ್ಕೂ ಸರಿಹೋಯಿತು. ನಂದಿತಾ ತುದಿಗಾಲಲ್ಲಿ, ಸಾರಿ ಎಂದು ಎಲ್ಲರಿಗೂ ಕಣ್ಣಿನಲ್ಲೇ ಹೇಳುತ್ತಾ ಬಂದಳು. ಅವಳ ಹಿಂದೆ ಅತುಲ್, ಅವನ ಹಿಂದೆ ಪಾರ್ಟಿಯಲ್ಲಿ ಕೊಟ್ಟ ಗುಲಾಬಿ ಚೀಲ ಹಿಡಿದ ಕಿಯಾರಾ. ಅವಳು ತಾತನನ್ನು ನೋಡಿದಳು, ಗಡ್ಡವನ್ನು ನೋಡಿದಳು, ಕೈಯೆತ್ತಿ ಹಾಯ್ ಮಾಡಲು ಹೋಗಿ ಕೈ ಇಳಿಸಿದಳು. ಅವನಿಗೆ ಎದೆ ಉಬ್ಬಿ ಬಂತು. ಎಲ್ಲರೂ ನಿಂತಿದ್ದರು, ಅವನು ಕೂತಿದ್ದ.

ಈ ಕುರ್ಚಿಯಲ್ಲಿ ಕೂತರೆ ತಲೆಯ ಮೇಲ್ಗಡೆ ಗೋಡೆಯಲ್ಲಿ ಆ ಫೋಟೋ ಇರುತ್ತದೆ. ಅದರಲ್ಲಿ ವಿಂಟರ್ಟನ್, ಆಮೇಲೆ ಹಡಗಿನಲ್ಲಿ ತಂದ ಇದೇ ಕುರ್ಚಿಯಲ್ಲಿ ಇದೇ ರೀತಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ. ಹಿಂದೆ ಸ್ಟುಡಿಯೋದ ಪರದೆಯ ಮೇಲೆ ಬರೆದ ಕಂಬ, ಬಳ್ಳಿ. ಕಂಬಕ್ಕೂ ಕುರ್ಚಿಗೂ ನಡುವೆ ಅವನು, ಉದ್ದನೆ ಕೋಟು, ಪೇಟ, ಮಡಚಿದ ಛತ್ರಿ, ಬರಿಗಾಲು. ಇಲ್ಲಿಗೆ ಬಂದಾಗ ಹೇಳಲು ಸೂರ್ಯನಾರಾಯಣನೇ ಒಂದು ಮಾತು ಕಟ್ಟಿದ್ದ. ಛತ್ರಿ ಲಂಡನ್ನಿನದು, ಆಳು ಬೆಂಗಳೂರಿನವನು, ಎರಡೂ ನನಗೆ ಒಂದು ದಿನವೂ ಕೈಕೊಡಲಿಲ್ಲ. ಜನ ಪ್ರತಿ ಸಲ ನಗುತ್ತಿದ್ದರು. ಮುದುಕ ಡೈರೆಕ್ಟರ್ ಅದನ್ನು ಸ್ಕ್ರಿಪ್ಟಿಗೇ ಸೇರಿಸಿದ್ದ. ಇವತ್ತೂ ಹೇಳಿದ. ವಯಸ್ಸಾದ ಜೋಡಿ ನಕ್ಕಿತು, ಅತುಲ್ ಕೂಡ ನಕ್ಕ. ನಗು ಮುಗಿಯುವ ಮೊದಲೇ ಕಿಯಾರಾಳ ಕೈ ಮೇಲಕ್ಕೆ ಹೋಯಿತು, ಕ್ಲಾಸಿನಲ್ಲಿ ಎತ್ತುವ ಹಾಗೆ ನೆಟ್ಟಗೆ.

"ವಾಟ್ಸ್ ಹಿಸ್ ನೇಮ್?" ಎಂದಳು. ತಾತನನ್ನಲ್ಲ, ವಿಂಟರ್ಟನ್ನನನ್ನು ಕೇಳುತ್ತಿದ್ದೇನೆ ಎಂಬುದು ಅವಳ ಗಂಭೀರ ಮುಖದಲ್ಲಿ ಕಾಣುತ್ತಿತ್ತು.

ಇದುವರೆಗೆ ಯಾರೂ ಕೇಳಿರಲಿಲ್ಲ. ಬಾಗಿಲ ಹತ್ತಿರ ಕ್ಲೇರ್ ಕಟ್ಟಿದ್ದ ಕೈ ಬಿಟ್ಟಳು. ಇತಿಹಾಸಕ್ಕೆ ಗೊತ್ತಿಲ್ಲ ಮರಿ ಎಂದರೆ ನಿಯಮ ಮುರಿದ ಹಾಗೆ, ಅದೂ ಕ್ಲೇರ್ ಎದುರಿಗೇ. ಬಸವ ಎಂಬ ಹೆಸರು ಎಲ್ಲಿಂದಲೋ ನಾಲಗೆಯ ತುದಿಗೆ ಬಂತು. ಬಸವ ಅಂದುಬಿಟ್ಟರೆ ಮುಗಿಯಿತು, ಮಗು ತಲೆಯಾಡಿಸುತ್ತದೆ, ಟೂರ್ ಮುಂದಿನ ಕೋಣೆಗೆ ಹೋಗುತ್ತದೆ. ಆದರೆ ವಿಂಟರ್ಟನ್ ಏನನ್ನುತ್ತಿದ್ದ? ಮೂರು ಮಳೆಗಾಲ ತನ್ನ ಛತ್ರಿ ಹಿಡಿದವನ ವಿಷಯ ಅವನನ್ನೇ ಕೂರಿಸಿ ಕೇಳಿದ್ದರೆ ಏನನ್ನುತ್ತಿದ್ದ? ಸೂರ್ಯನಾರಾಯಣ ಹಿಂತಿರುಗಿ ಫೋಟೋ ನೋಡಿದ. ಇಷ್ಟು ದಿನ ಕೈಮಾಡಿ ತೋರಿಸಿದ್ದನೇ ಹೊರತು ತಿರುಗಿ ನೋಡಿದವನಲ್ಲ. ಕುರ್ಚಿಯ ಬೆನ್ನಿನ ಮೇಲೆ ಆ ಮನುಷ್ಯನ ಬೆರಳುಗಳ ತುದಿ ಕಾಣುತ್ತಿದ್ದವು. ಮುಖ ಕ್ಯಾಮೆರಾದ ಕಡೆ ಇರಲಿಲ್ಲ. ಸ್ವಲ್ಪ ಪಕ್ಕಕ್ಕೆ, ಯಾರೋ ಬರುವುದಿದೆ ಎನ್ನುವ ಹಾಗೆ ಬಾಗಿಲು ಇದ್ದಿರಬಹುದಾದ ಕಡೆ ತಿರುಗಿತ್ತು. ಆ ನೋಟವನ್ನು ಅವನು ಬೇರೆಲ್ಲೋ ನೋಡಿದ್ದ. ಶನಿವಾರಗಳಲ್ಲಿ ಕಾರಿನ ಬಾಗಿಲು ಹಾಕಿ ರಿಮೋಟ್ ಒತ್ತಲು ತಿರುಗಿದಾಗ, ಗಾಜಿನ ಹಿಂದೆ, ಒಂದು ಕ್ಷಣ ನೋಡಿದ್ದ.

"ಐ ನೆವರ್ ಆಸ್ಕ್ಡ್" ಎಂದ ಅವನು.

"ವೈ ನಾಟ್?"

"ಹಿ ವಾಸ್ ಆಲ್ವೇಸ್ ದೇರ್."

ಯಾರೂ ನಗಲಿಲ್ಲ. ಕಿಯಾರಾ ಉತ್ತರ ಸಾಲದು ಎನ್ನುವಂತೆ ಫೋಟೋವನ್ನೇ ನೋಡುತ್ತಾ ನಿಂತಳು. ನಂದಿತಾ ಮಾತ್ರ ಮಗಳ ಭುಜದ ಮೇಲೆ ಕೈಯಿಟ್ಟುಕೊಂಡು ತಂದೆಯ ಮುಖವನ್ನು, ಅದರಲ್ಲೂ ಗಡ್ಡ ಮರೆಮಾಡದ ಕಣ್ಣು, ಹಣೆಯ ಭಾಗವನ್ನು ನೋಡಿದಳು. ಅವನು ಎದ್ದು, ಬನ್ನಿ, ನನ್ನ ಗ್ರಂಥಾಲಯ ತೋರಿಸುತ್ತೇನೆ ಎಂದ. ಉಳಿದ ಟೂರಿನಲ್ಲಿ ತಾನೇನು ಹೇಳಿದೆ ಎಂದು ಅವನಿಗೆ ನೆನಪಿಲ್ಲ. ಮುಗಿದಾಗ ಚಪ್ಪಾಳೆ ತಟ್ಟಿದರು. ಕ್ಲೇರ್ ಹಜಾರದಲ್ಲಿ ಅವನ ಎರಡೂ ಕೈ ಹಿಡಿದುಕೊಂಡಳು, ಅವಳ ಕಣ್ಣು ಒದ್ದೆಯಾಗಿತ್ತು. ಆ ಉತ್ತರ, ಆ ಉತ್ತರವೊಂದೇ ಸಾಕು ಎಂದಳು. ಕುರ್ಚಿ ನಿಮ್ಮದೇ, ಬೋರ್ಡಿಗೆ ನಾನು ಹೇಳಿಕೊಳ್ಳುತ್ತೇನೆ. ಪೇಟ ವಾಪಸ್ ಕಳಿಸುತ್ತೇನೆ. ಆದರೆ ಇನ್ನು ಮೇಲೆ ಆ ಛತ್ರಿಯ ತಮಾಷೆ ಬೇಡ, ಪ್ರತಿ ಟೂರಿನಲ್ಲೂ ಇದೇ ಇರಲಿ, ಹೀಗೇ, ಇದೇ ದನಿಯಲ್ಲಿ. ಯಾರೂ ಕೇಳದಿದ್ದರೂ ನೀವಾಗಿಯೇ ಹೇಳಿ. ಅವನಿಗೆ ಖುಷಿಯಾಯಿತು. ನಿಜವಾಗಿಯೂ, ಪರೀಕ್ಷೆ ಪಾಸಾದ ಹುಡುಗನಿಗೆ ಆಗುವಂಥ ಖುಷಿ. ನಾಲ್ಕು ಗಂಟೆಯ ಟೂರಿಗೂ ಹೀಗೇ ಹೇಳುತ್ತೇನೆ ಎಂದು ಮಾತು ಕೊಟ್ಟೂಬಿಟ್ಟ. ಮಾತು ಬಾಯಿಂದ ಹೊರಟ ಮೇಲೆ ಆ ಖುಷಿಯ ಬಗ್ಗೆ ಅವನಿಗೆ ಅಸಹ್ಯವಾಯಿತು.

ಪಾರ್ಕಿಂಗ್ ಲಾಟಿನಲ್ಲಿ ಅತುಲ್ ಕಿಯಾರಾಳನ್ನು ಸೀಟಿಗೆ ಬಿಗಿಯುತ್ತಿದ್ದ. ನಂದಿತಾ ಕಾರಿಗೆ ಒರಗಿ ನಿಂತಿದ್ದಳು. "ಚೆನ್ನಾಗಿತ್ತಪ್ಪ. ನೀವು ಇಷ್ಟೊಂದು ಮಾತಾಡ್ತೀರ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದಳು. ಬ್ರಿಡ್ಜಿನ ಮೇಲೆ ಟ್ರಾಫಿಕ್ ಶುರುವಾಗುವ ಮೊದಲು ಹೊರಡಬೇಕು, ನಾಳೆ ಸ್ಕೂಲು, ಥ್ಯಾಂಕ್ಸ್‌ಗಿವಿಂಗಿಗೆ ಬನ್ನಿ. ಅವನು ಹೂಂ ಹೂಂ ಎಂದ. ಎಡಗೆನ್ನೆಯ ಗಡ್ಡ ಅರ್ಧ ಬಿಟ್ಟುಕೊಂಡು ಗಾಳಿಗೆ ಅಲುಗುತ್ತಿತ್ತು. ಅವಳು ಬಾಗಿಲಿಗೆ ಕೈ ಹಾಕಿದಾಗ, ಹೊಸ್ತಿಲ ಹೊರಗೆ ನಿಂತಿದ್ದೇನೆ, ಇಲ್ಲಿ ಕೇಳಬಹುದು ಎಂದು ತನಗೆ ತಾನೇ ಹೇಳಿಕೊಂಡು ಕೇಳಿಬಿಟ್ಟ.

"ನಂದೂ, ನಿಮ್ಮಮ್ಮ ಟೆಂಪಲ್‌ನಲ್ಲಿ ಕಾರಲ್ಲೇ ಕೂತಿರ್ತಿದ್ದಳಲ್ಲ. ಚಿಕ್ಕೋಳಿದ್ದಾಗ ನೀನೂ ಜೊತೇಲಿ ಕೂತಿರ್ತಿದ್ದೆ. ಏನು ಮಾಡ್ತಿದ್ರಿ ಇಬ್ರೂ?"

ನಂದಿತಾ ಬಾಗಿಲು ಬಿಟ್ಟು ತಿರುಗಿದಳು. "ಏನೂ ಮಾಡ್ತಿರ್ಲಿಲ್ಲ. ಬಾಗಿಲು ನೋಡ್ತಿದ್ವಿ."

"ಯಾವ ಬಾಗಿಲು?"

"ಟೆಂಪಲ್‌ದು. ಅದೊಂದು ಆಟ ಥರ ಇತ್ತಪ್ಪ. ‘ಇವತ್ತು ನಿಮ್ಮಪ್ಪ ವಾಪಸ್ ಬಂದು ಕರೀತಾರೆ ನೋಡು’ ಅನ್ನೋಳು. ನಾನು ಬರಲ್ಲ ಅಂತಿದ್ದೆ. ಸ್ವಲ್ಪ ಹೊತ್ತು ನೋಡಿ, ಆಮೇಲೆ ನಾವೇ ಬರ್ತಿದ್ವಿ." ಅವಳು ನಕ್ಕಳು, ತಂದೆಯ ಮುಖ ನೋಡಿ ನಗು ಅರ್ಧಕ್ಕೆ ನಿಲ್ಲಿಸಿದಳು. "ನಿಮಗೆ ಗೊತ್ತಿತ್ತು ಅಂದ್ಕೊಂಡಿದ್ದೆ."

ಒಳಗಿನಿಂದ ಅತುಲ್ ಹೊರಡೋಣವಾ ಎಂದ. ಅವಳು ತಂದೆಯ ಕೋಟಿನ ತೋಳನ್ನು ಒಮ್ಮೆ ಹಿಡಿದು ಬಿಟ್ಟು ಕಾರು ಹತ್ತಿದಳು. ಕಿಯಾರಾ ಗಾಜಿನ ಹಿಂದಿನಿಂದ, ಒಳಗೆ ಮಾಡದೆ ಉಳಿಸಿಕೊಂಡಿದ್ದ ಹಾಯನ್ನು ಈಗ ಬಾಯ್ ಮಾಡಿ ಕೈಬೀಸಿದಳು. ಕಾರು ಜಲ್ಲಿಯ ಮೇಲೆ ಸದ್ದು ಮಾಡುತ್ತಾ ರಸ್ತೆಗೆ ತಿರುಗಿತು.

ಗಡ್ಡ ಅಂಟಿಸಿಕೊಳ್ಳಲೆಂದು ಅವನು ತನ್ನ ಕಾರಿನೊಳಗೆ ಬಂದು ಕೂತ. ಡ್ರೈವರ್ ಸೀಟಿನಲ್ಲಲ್ಲ, ಅದರ ಪಕ್ಕದಲ್ಲಿ. ಗೋಂದಿನ ಬಾಟಲಿ ಕೈಯಲ್ಲೇ ಇತ್ತು. ಮುಂದೆ ಮ್ಯೂಸಿಯಮ್ಮಿನ ಬಾಗಿಲು ಕಾಣುತ್ತಿತ್ತು, ಹಸಿರು ಬಣ್ಣದ್ದು, ಹಿತ್ತಾಳೆಯ ಹಿಡಿ. ಇಲ್ಲಿಂದ ಅದು ಇಷ್ಟು ಚೆನ್ನಾಗಿ ಕಾಣುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಬಾಗಿಲು ತೆರೆದು ಕ್ಲೇರ್ ಇಣುಕಿದಳು, ಕೈಸನ್ನೆ ಮಾಡಿದಳು. ನಾಲ್ಕು ಗಂಟೆಯವರು ಬಂದಿದ್ದರು. ಅವನು ಗಾಜು ಇಳಿಸಿ, ನೀವು ಹೋಗಿರಿ, ಬರುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಹೇಳಿದ ಮೇಲೆ ಅದು ಯಾರ ಮಾತೆಂದು ಹೊಳೆದು, ಗಾಜು ಏರಿಸುವುದನ್ನೂ ಮರೆತು ಕೂತ. ಬಾಗಿಲು ಮುಚ್ಚಿಕೊಂಡಿತು. ಬಿಸಿಲು ಇಟ್ಟಿಗೆಯ ಗೋಡೆಯಿಂದ ಮೇಲೆ ಮೇಲೆ ಸರಿಯುತ್ತಿತ್ತು. ಇನ್ನು ಮುಂದೆ ಪ್ರತಿ ಭಾನುವಾರ ಅವನು ಆ ಕುರ್ಚಿಯಲ್ಲಿ ಕೂತು ನಾನು ಕೇಳಲೇ ಇಲ್ಲ ಎಂದು ಹೇಳುತ್ತಾನೆ. ಜನ ಪ್ರತಿ ಭಾನುವಾರ ಅದನ್ನು ಒಳ್ಳೆಯ ಅಭಿನಯ ಎನ್ನುತ್ತಾರೆ. "ಅಲಮೇಲು" ಎಂದ ಅವನು, ಕರೆಯುವ ದನಿಯಲ್ಲಿ. ತನ್ನ ದನಿ ತನಗೇ ಗುರುತು ಸಿಗಲಿಲ್ಲ.

ಅಷ್ಟರಲ್ಲಿ ಬಾಗಿಲು ಮತ್ತೆ ತೆರೆಯಿತು. ಕ್ಲೇರ್ ಕೋಟು ಕೂಡ ಹಾಕಿಕೊಳ್ಳದೆ, ಚಳಿಗೆ ತೋಳುಗಳನ್ನು ಉಜ್ಜಿಕೊಳ್ಳುತ್ತಾ, ಉದುರಿದ ಎಲೆಗಳ ಮೇಲೆ ಸರಸರ ನಡೆದು ಬಂದಳು. ಬಗ್ಗಿ ಒಳಗೆ ನೋಡಿದಳು. ಹುಷಾರಾಗಿದ್ದೀರಾ, ಎಲ್ಲರೂ ನಿಮಗೇ ಕಾಯುತ್ತಿದ್ದಾರೆ, ಬನ್ನಿ ಎಂದು ಕರೆದಳು. ಅವನ ಊರು ಯಾವುದೆಂದು ಸರಿಯಾಗಿ ತಿಳಿಯದ ಹುಡುಗಿ, ಇನ್ನೊಂದು ಕೆಲಸ ಸಿಕ್ಕಿದರೆ ಮುಂದಿನ ವರ್ಷ ಇಲ್ಲಿರುವುದೂ ಇಲ್ಲ. ಅವನು ಅವಳ ಹಿಂದಿನ ಬಾಗಿಲು ನೋಡಿದ, ಅವಳು ನಡೆದು ಬಂದ ಜಾಗವನ್ನು ನೋಡಿದ. ಅಷ್ಟೇನೂ ದೂರವಿರಲಿಲ್ಲ.